ಸಭೆ ಹಾಡುವ ಹಾಡು: ಆರಿಸುವವರೂ ಜೋಡಿಸುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯ ಕ್ರೈಸ್ತ ಸಭೆಗಳಲ್ಲಿ ಭಾನುವಾರದ ಹಾಡಿನ ಹೊಣೆ ಹೊತ್ತವರಿಗಾಗಿ ಈ ಪುಟ. ಒಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ ‘ಕೀರ್ತನೆ’ ಎಂದರೆ ಹಾಡಿನ ಪುಸ್ತಕದ ಹಾಡೂ ಹೌದು, ಬೈಬಲಿನ 150 ಕೀರ್ತನೆಗಳೂ ಹೌದು. ಗೊಂದಲ ಬೇಡವೆಂದು ಇಲ್ಲಿ ಬೈಬಲಿನದಕ್ಕೆ ಮಾತ್ರ ಕೀರ್ತನೆ ಎಂದಿದ್ದೇವೆ, ಉಳಿದದ್ದೆಲ್ಲ ಹಾಡು.

ಒಂದು ಆರಾಧನೆಗೆ ಎಷ್ಟು ಹಾಡು ಬೇಕು?

ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆಯ ಆರಾಧನೆಗೆ ಐದು ಅಥವಾ ಆರು ಸಾಕು. ಪ್ರವೇಶಕ್ಕೊಂದು, ಬೈಬಲ್ ವಾಚನಗಳ ನಡುವೆ ಒಂದು, ಪ್ರಸಂಗಕ್ಕೆ (ಉಪದೇಶಕ್ಕೆ) ಮೊದಲು ಅಥವಾ ಆಮೇಲೆ ಒಂದು, ಕಾಣಿಕೆಗೊಂದು, ಮುಕ್ತಾಯಕ್ಕೊಂದು. ಪ್ರಭುಭೋಜನವಿದ್ದರೆ ಇನ್ನೊಂದೆರಡು.

ಸಂಖ್ಯೆಗಿಂತ ಸಮಯ ಲೆಕ್ಕ ಹಾಕಿ. ನಾಲ್ಕು ಸಾಲಿನ, ನಾಲ್ಕು ಚರಣದ ಹಳೆಯ ಹಾಡೊಂದನ್ನು ನಿಮಿಷಕ್ಕೆ 80 ಪೆಟ್ಟಿನ ವೇಗದಲ್ಲಿ ಹಾಡಿದರೆ ಚರಣಕ್ಕೆ ಸುಮಾರು 24 ಸೆಕೆಂಡು. ಮುನ್ನುಡಿ, ಉಸಿರಿನ ಬಿಡುವು ಎಲ್ಲ ಸೇರಿ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಪಲ್ಲವಿ ಮತ್ತು ಮೂರು ಚರಣಗಳ ಆದಿತಾಳದ ಹಾಡು ಅದೇ ವೇಗದಲ್ಲಿ ಎರಡೂಕಾಲು ನಿಮಿಷ. ಆದರೆ ಮುಂದಾಳು ಒಂದು ಸಾಲು ಹೇಳಿ ಸಭೆ ಅದನ್ನೇ ತಿರುಗಿ ಹಾಡುವ ಭಜನೆ ಪದ್ಧತಿಯಲ್ಲಿ ಅದು ನಾಲ್ಕೂವರೆ ನಿಮಿಷಕ್ಕೆ ಹೋಗುತ್ತದೆ. ಅಂಥ ಮೂರು ಹಾಡು ಒಂದೇ ಆರಾಧನೆಗೆ ಬಿದ್ದರೆ ಪ್ರಸಂಗಿಗಳು ಗಡಿಯಾರ ನೋಡುತ್ತಾರೆ, ತಪ್ಪು ಗಾನವೃಂದದ ಮೇಲೆ ಬರುತ್ತದೆ.

ಆರಿಸುವುದನ್ನು ಎಲ್ಲಿಂದ ಶುರು ಮಾಡಬೇಕು?

ವಾಚನಗಳಿಂದ. ಹಾಡಿನ ಪುಸ್ತಕದ ವಿಷಯಸೂಚಿಯಿಂದಲ್ಲ, ‘ಈ ವಾರ ಯಾವುದು ಚೆನ್ನಾಗಿ ಬರುತ್ತೆ’ ಎಂಬುದರಿಂದಲಂತೂ ಅಲ್ಲವೇ ಅಲ್ಲ. ಸೋಮವಾರ ಇಲ್ಲವೇ ಮಂಗಳವಾರ ಪಾಲಕರಿಂದ (ಪಾದ್ರಿಗಳಿಂದ) ಆ ಭಾನುವಾರದ ವಾಚನಗಳನ್ನೂ ಪ್ರಸಂಗದ ವಚನವನ್ನೂ ಬರೆದುಕೊಳ್ಳಿ. ಮೊದಲು ವಾಚನಕ್ಕೆ ಹತ್ತಿರದ ಹಾಡು ಹುಡುಕಿ. ಅದೇ ಗೂಟ, ಉಳಿದವನ್ನು ಅದರ ಸುತ್ತ ಕಟ್ಟಿ. ಆರಿಸಿದ ಮೇಲೆ ರಾಗ ಬಿಟ್ಟು ಮಾತನ್ನಷ್ಟೇ ಜೋರಾಗಿ ಓದಿ. ಓದಿದಾಗ ಅರ್ಥವಾಗದ ಸಾಲು ಹಾಡಿದಾಗಲೂ ಅರ್ಥವಾಗುವುದಿಲ್ಲ, ರಾಗ ಅದನ್ನು ಮುಚ್ಚಿಹಾಕುತ್ತದೆ ಅಷ್ಟೆ.

ಎಲ್ಲ ಹಾಡೂ ‘ನಾನು, ನನ್ನ, ನನಗೆ’ ಎಂದೇ ಇದೆಯೇ ನೋಡಿ. ಪ್ರವೇಶದ ಹಾಡಾದರೂ ‘ನಾವು’ ಎನ್ನಲಿ.

ಕೀರ್ತನೆ ಆಧರಿಸಿದ ಹಾಡುಗಳ ಒಂದು ಪಟ್ಟಿ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಪಶ್ಚಾತ್ತಾಪಕ್ಕೆ 51, ಶುಭ ಶುಕ್ರವಾರಕ್ಕೆ 22, ಈಸ್ಟರಿಗೆ 118, ಕ್ರಿಸ್ಮಸ್ಸಿಗೆ 98, ಬೆಳೆಹಬ್ಬಕ್ಕೆ 65, ಮಣ್ಣಿಗೆ (ಶವಸಂಸ್ಕಾರಕ್ಕೆ) 23, 90, 121.

ಕ್ಯಾಥೋಲಿಕ್ ಪೂಜೆಯಲ್ಲೂ ಇದೇ ಕ್ರಮವೇ?

ಅರ್ಧ ಮಾತ್ರ. ಪ್ರವೇಶ, ಕಾಣಿಕೆ, ಪರಮಪ್ರಸಾದ, ಮುಕ್ತಾಯ, ಈ ನಾಲ್ಕನ್ನು ನೀವು ಆರಿಸಬಹುದು. ‘ಪರಿಶುದ್ಧರು’, ‘ದೇವರ ಕುರಿಮರಿ’, ಮಹಿಮಾಗೀತೆ ಇವು ಪೂಜೆಯದೇ ಪಠ್ಯ. ರಾಗ ಬದಲಿಸಬಹುದು, ಮಾತು ಬದಲಿಸುವಂತಿಲ್ಲ. ಅದೇ ಭಾವದ ಬೇರೆ ಹಾಡನ್ನು ಆ ಜಾಗಕ್ಕೆ ತುರುಕುವುದು ಬಹಳ ಕಡೆ ನಡೆಯುವ ತಪ್ಪು. ವಾಚನದ ನಂತರದ ಕೀರ್ತನೆಯಲ್ಲಿ ಸಭೆಯ ಪಾಲು ಒಂದೇ ಸಾಲಿನ ಪಲ್ಲವಿ. ಅದು ಒಂದು ಸಲ ಕೇಳಿದ ಕೂಡಲೇ ಹಿಡಿಯುವಂತಿರಬೇಕು, ನಾಲ್ಕೈದು ಸ್ವರದೊಳಗೇ ಇರಲಿ.

ಶಿವಮೊಗ್ಗ ಧರ್ಮಕ್ಷೇತ್ರದ (ಅಲ್ಲಿನ ಬಿಷಪ್ಪರ ಆಡಳಿತದ) ವ್ಯಾಪ್ತಿಯಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳೂ ಸೇರುವುದರಿಂದ ಹಬ್ಬದ ಪೂಜೆಗೆ ಬೇರೆ ಬೇರೆ ಧರ್ಮಕೇಂದ್ರಗಳ ಜನ ಒಟ್ಟಾಗುತ್ತಾರೆ. ಸೆಪ್ಟೆಂಬರ್ 8ರ ಹರಿಹರದ ಆರೋಗ್ಯಮಾತೆಯ ಹಬ್ಬದಂಥ ಕಡೆ ನಿಮ್ಮ ಚರ್ಚಿನ ಹೊಸ ಹಾಡು ತೋರಿಸಲು ಹೋಗಬೇಡಿ. ಎಲ್ಲರಿಗೂ ಬಾಯಿಪಾಠ ಇರುವುದನ್ನೇ ಹಾಕಿ.

ಶ್ರುತಿ ಎಷ್ಟಕ್ಕೆ ಇಡಬೇಕು? ಸಭೆ ಮೇಲಿನ ಸಾಲಿಗೆ ಬಂದ ಕೂಡಲೇ ಸುಮ್ಮನಾಗುತ್ತದೆ.

ಸುಮ್ಮನಾಗುವುದು ಭಕ್ತಿ ಕಮ್ಮಿಯಾಗಿ ಅಲ್ಲ, ಗಂಟಲು ಸಿಗದೆ. ಮುಂದಾಳು ತನ್ನ ದನಿಗೆ ಹಿತವಾದ ಶ್ರುತಿ ಹಿಡಿಯುತ್ತಾರೆ. ಪಲ್ಲವಿ ಸಲೀಸಾಗಿ ಹೋಗುತ್ತದೆ. ಚರಣದ ಮೂರನೇ ಸಾಲು ತಾರಸ್ಥಾಯಿಗೆ (ಮೇಲಿನ ಸ್ಥಾಯಿಗೆ) ಏರಿದಾಗ ಅರ್ಧ ಸಭೆ ನಿಲ್ಲುತ್ತದೆ, ಇನ್ನರ್ಧ ಕೆಳಗಿನ ಸ್ಥಾಯಿಗೆ ಜಾರುತ್ತದೆ.

ತರಬೇತಿಯಿಲ್ಲದ ಸಾಮಾನ್ಯ ದನಿಗಳು ಒಟ್ಟಾಗಿ ಹಾಡಲು ಸಿಗುವ ಜಾಗ ಇಷ್ಟು: ಕೆಳಗೆ ಬಿಳಿ ಆರು (ಹಾರ್ಮೋನಿಯಂನ ಒಂದು ಸ್ಥಾಯಿಯಲ್ಲಿ ಎಡದಿಂದ ಆರನೇ ಬಿಳಿ ಕೀ; ಕಪ್ಪಿಗೂ ಹೀಗೇ ಎಣಿಕೆ), ಮೇಲೆ ಅಲ್ಲಿಂದ ಒಂದು ಪೂರ್ತಿ ಸ್ಥಾಯಿ ದಾಟಿದ ಮೇಲೆ ಸಿಗುವ ಬಿಳಿ ಎರಡು. ಹೆಂಗಸರು, ಮಕ್ಕಳು ಮೇಲಿನ ಸ್ಥಾಯಿಯಲ್ಲಿ, ಗಂಡಸರು ಒಂದು ಸ್ಥಾಯಿ ಕೆಳಗೆ, ಗಡಿ ಅದೇ. ಹಾಗಾಗಿ ಶ್ರುತಿ ಹುಡುಕುವುದು ಹಾಡಿನ ಮೊದಲ ಸ್ವರದಿಂದಲ್ಲ, ಅತಿ ಎತ್ತರದ ಸ್ವರದಿಂದ.

ಪೂರ್ತಿ ಹಾಡು ಗುನುಗಿ ಎತ್ತರದ ಸ್ವರ ಯಾವುದೆಂದು ಗುರುತಿಸಿ. ಅದು ತಾರಸ್ಥಾಯಿಯ ಗಾಂಧಾರವಾದರೆ, ಶಂಕರಾಭರಣ, ಮೋಹನಗಳ ಅಂತರ ಗಾಂಧಾರ ಎಂದಿಟ್ಟುಕೊಳ್ಳಿ, ಷಡ್ಜವನ್ನು (‘ಸ’ ಸ್ವರವನ್ನು) ಕಪ್ಪು ಐದಕ್ಕೆ ಇಡಿ. ಗಾಂಧಾರ ಸರಿಯಾಗಿ ಬಿಳಿ ಎರಡಕ್ಕೆ ಬಂದು ನಿಲ್ಲುತ್ತದೆ. ಎತ್ತರ ತಾರಷಡ್ಜಕ್ಕೇ ಮುಗಿದರೆ ಬಿಳಿ ಒಂದು ಅಥವಾ ಬಿಳಿ ಎರಡು. ಮಂದ್ರ ಪಂಚಮದಿಂದ (ಕೆಳಗಿನ ಸ್ಥಾಯಿಯ ‘ಪ’ದಿಂದ) ಶುರುವಾಗಿ ಮಧ್ಯಸ್ಥಾಯಿಯ ಧೈವತದಲ್ಲೇ ಆಡುವ ಹಾಡಾದರೂ ಬಿಳಿ ಎರಡು ಚೆನ್ನ, ಆಗ ಮಂದ್ರ ಪಂಚಮ ಬಿಳಿ ಆರಕ್ಕೆ ಸಿಗುತ್ತದೆ. ಅದಕ್ಕಿಂತ ಇಳಿಸಿದರೆ ಹೆಂಗಸರಿಗೆ ಕೆಳಗಿನ ಸ್ವರ ಕೇಳಿಸದಷ್ಟು ಸಣ್ಣಗಾಗುತ್ತದೆ.

ಬೆಳಗಿನ ಏಳೂವರೆಯ ಆರಾಧನೆಗೆ ಇದೆಲ್ಲ ಅರ್ಧ ಸ್ವರ ಕೆಳಗೆ. ಎದ್ದು ಇನ್ನೂ ಗಂಟೆಯಾಗದ ಗಂಟಲು ಮೇಲೆ ಹೋಗುವುದಿಲ್ಲ.

ಹೊಂದಿಸಿದ ಶ್ರುತಿಯನ್ನು ಪುಸ್ತಕದಲ್ಲಿ ಆ ಹಾಡಿನ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆದಿಡಿ: ‘ಕ5’, ‘ಬಿ2’. ಮುಂದಿನ ಸಲ ಬೇರೆಯವರು ನುಡಿಸಿದರೂ ಕೆಲಸಕ್ಕೆ ಬರುತ್ತದೆ.

ಪುಸ್ತಕದಲ್ಲಿ ರೂಪಕ ತಾಳ ಎಂದಿದೆ. ತಬಲಾದವರು ಬಾರಿಸಿದರೆ ಹಾಡು ಕೂರುವುದೇ ಇಲ್ಲ. ಯಾರದು ತಪ್ಪು?

ಯಾರದೂ ಅಲ್ಲ, ಹೆಸರಿನದು. ಕರ್ನಾಟಕ ಪದ್ಧತಿಯ ರೂಪಕಕ್ಕೆ ಆರು ಅಕ್ಷರ, ಮೂರರ ನಡೆಯಂತೆ ಹಾಕಿದರೂ ನಡೆಯುತ್ತದೆ. ಹಿಂದೂಸ್ತಾನಿ ರೂಪಕಕ್ಕೆ ಏಳು ಮಾತ್ರೆ. ಮೈಸೂರು ಕಡೆಯ ಹಾಡಿನ ಪುಸ್ತಕ, ಹುಬ್ಬಳ್ಳಿ ಧಾರವಾಡ ಕಡೆಯ ತಬಲಾ ಪಾಠ, ಎರಡೂ ಸಂಧಿಸುವ ಊರು ನಮ್ಮದು. ‘ರೂಪಕ’ ಎನ್ನದೆ ‘ದಾದ್ರಾ ಹಾಕಿ’ ಎನ್ನಿ, ಆರು ಮಾತ್ರೆ ಬರುತ್ತದೆ. ಆದಿತಾಳಕ್ಕೆ ಎಂಟು ಮಾತ್ರೆಯ ಕೆಹರ್ವಾ. ಪುಸ್ತಕದಲ್ಲಿ ಮಿಶ್ರಛಾಪು ಎಂದಿದ್ದರೆ ಆಗ ಅವರ ಏಳು ಮಾತ್ರೆಯ ರೂಪಕ ಬೇಕಾಗುತ್ತದೆ.

ರಾಗದ ಹೆಸರಿನಲ್ಲೂ ಇದೇ ಪೇಚು. ಕರ್ನಾಟಕ ಪದ್ಧತಿಯ ಹಿಂದೋಳ ಹಿಂದೂಸ್ತಾನಿಯವರ ಮಾಲಕಂಸ್. ಅವರ ಹಿಂದೋಲ್ ಬೇರೆಯೇ ರಾಗ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯವು. ಮೋಹನ ಎಂದರೆ ಭೂಪ್, ಕಲ್ಯಾಣಿ ಎಂದರೆ ಯಮನ್. ಹಾರ್ಮೋನಿಯಂ ನುಡಿಸುವವರಿಗೆ ಹೆಸರು ಹೇಳುವ ಬದಲು ಮೊದಲ ಸಾಲು ಹಾಡಿ ತೋರಿಸುವುದು ಒಳ್ಳೆಯದು.

ಪಾಶ್ಚಾತ್ಯ ರಾಗಗಳಿಗೆ ಕೂರಿಸಿದ ಹಳೆಯ ಕನ್ನಡ ಹಾಡುಗಳಲ್ಲಿ ಮಾತು ಯಾಕೆ ಎಳೆದಾಡಿದಂತೆ ಕೇಳುತ್ತದೆ?

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳು ಕನ್ನಡಕ್ಕೆ ಇಳಿದವು, ಇಂಗ್ಲಿಷ್ ಮಿಷನ್ನುಗಳಿಂದ ಇಂಗ್ಲಿಷ್ ರಾಗಗಳು ಬಂದವು. ಆ ರಾಗಗಳಲ್ಲಿ ಬಹಳಷ್ಟು ಒಂದು ಹಗುರ ಪೆಟ್ಟಿನಿಂದ ಶುರುವಾಗಿ ಎರಡನೆಯ ಅಕ್ಷರದ ಮೇಲೆ ಭಾರ ಹಾಕುತ್ತವೆ. ಕನ್ನಡದ ಪದಕ್ಕೆ ಒತ್ತು ಮೊದಲ ಅಕ್ಷರದ ಮೇಲೆ. ಜೊತೆಗೆ ಕನ್ನಡದಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ.

ಉದಾಹರಣೆಗೆ ಎಂಟು ಅಕ್ಷರದ ಒಂದು ಸಾಲು ಕಟ್ಟೋಣ: ‘ನಿನ್ನಯ ಬಲವೇ ಕೋಟೆ’. ಅಂಥ ರಾಗಕ್ಕೆ ಇದನ್ನು ಕೂರಿಸಿದರೆ 2, 4, 6, 8ನೇ ಅಕ್ಷರಗಳು ಉದ್ದವಾಗುತ್ತವೆ. ಸಭೆ ಹಾಡುವುದು ‘ನಿನ್ನಾಯ ಬಾಲವೇ ಕೊಟೇ’. ದೇವರ ಬಲ ಬಾಲವಾಯಿತು, ಕೋಟೆ ಕುಸಿಯಿತು. ಭಾನುವಾರ ಶಾಲೆಯ ಮಕ್ಕಳು ನಗುವುದಕ್ಕೆ ಕಾರಣ ಇದ್ದೇ ಇದೆ.

ಅದೇ ಅರ್ಥವನ್ನು ‘ನೀ ನಮ್ಮ ಕೋಟೆ, ಶಕ್ತಿ ನೀ’ ಎಂದು ತಿರುಗಿಸಿ ನೋಡಿ. ಇದೂ ಎಂಟೇ ಅಕ್ಷರ. ಭಾರ ಬೀಳುವ ಜಾಗಗಳಲ್ಲಿ ‘ನಮ್’, ‘ಕೋ’, ‘ಶಕ್’, ‘ನೀ’ ಬಂದಿವೆ, ನಾಲ್ಕೂ ಗುರು. ಹಗುರ ಜಾಗಗಳಲ್ಲಿ ‘ಮ’, ‘ಟೆ’, ‘ತಿ’, ಮೂರೂ ಲಘು. ಮೊದಲ ಹಗುರ ಪೆಟ್ಟಿಗೆ ಒಂದೇ ಅಕ್ಷರದ ಪದ ಸಿಕ್ಕಿದೆ. ಅದು ಗುರುವಾದರೂ ಪದ ಒಡೆಯುವುದಿಲ್ಲ, ಹಾಗಾಗಿ ಕಿವಿಗೆ ತೊಡಕಿಲ್ಲ. ಹೊಸದಾಗಿ ಬರೆಯುವವರಿಗೂ ಅನುವಾದಿಸುವವರಿಗೂ ಇಷ್ಟೇ ಸೂತ್ರ: ಸಾಲಿನ ಶುರುವಿಗೆ ‘ನೀ’, ‘ಓ’, ‘ಈ’, ‘ಆ’ ತರಹದ ಒಂದಕ್ಷರದ ಪದ, ಭಾರಕ್ಕೆ ಗುರು, ಹಗುರಕ್ಕೆ ಲಘು.

ಮುದ್ರಿತ ಹಳೆಯ ಹಾಡಿನ ಮಾತನ್ನು ನೀವೇ ತಿದ್ದಲು ಹೋಗಬೇಡಿ. ಬಾಯಿಪಾಠ ಇರುವ ಅಜ್ಜಿಯರು ಹಳೆಯದನ್ನೇ ಹಾಡುತ್ತಾರೆ, ಪರದೆಯಲ್ಲಿ ಹೊಸದು ಇರುತ್ತದೆ, ಎರಡೂ ಕೇಳಿಸುವುದಿಲ್ಲ. ನಡೆಯನ್ನು ಸ್ವಲ್ಪ ಚುರುಕು ಮಾಡಿ. ಸ್ವರದ ಎಳೆತ ಕಮ್ಮಿಯಾದಷ್ಟೂ ಹ್ರಸ್ವಗಳು ಹ್ರಸ್ವವಾಗಿಯೇ ಉಳಿಯುತ್ತವೆ.

ಹಾಡಿನ ಮೇಲೆ 8.6.8.6 ಎಂದು ಬರೆದಿರುತ್ತದೆ. ಏನದು?

ಸಾಲಿಗೆ ಎಷ್ಟು ಅಕ್ಷರ ಎಂಬ ಲೆಕ್ಕ. 8.6.8.6ಕ್ಕೆ ಕಾಮನ್ ಮೀಟರ್, 8.8.8.8ಕ್ಕೆ ಲಾಂಗ್ ಮೀಟರ್, 6.6.8.6ಕ್ಕೆ ಶಾರ್ಟ್ ಮೀಟರ್ ಎನ್ನುತ್ತಾರೆ. 1551ರ ಜಿನೀವಾ ಕೀರ್ತನೆ ಪುಸ್ತಕದಲ್ಲಿ ಅಚ್ಚಾದ ‘ಓಲ್ಡ್ ಹಂಡ್ರೆಡ್ತ್’ ರಾಗ ಲಾಂಗ್ ಮೀಟರಿನದು. ಒಂದೇ ಅಳತೆಯ ಹಾಡುಗಳ ರಾಗ ಅದಲುಬದಲು ಮಾಡಬಹುದು: ಮಾತು ಚೆನ್ನಾಗಿದ್ದು ರಾಗ ಯಾರಿಗೂ ಬಾರದಿದ್ದರೆ, ಬರುವ ರಾಗಕ್ಕೆ ಹಾಕಿಕೊಳ್ಳಿ. ಮೂರೂ ಚರಣ ಹಾಡಿ ನೋಡಿದ ಮೇಲೆ ಮಾತ್ರ. ಮೊದಲ ಚರಣ ಕೂತು ಮೂರನೆಯದು ಕೂರದಿರುವುದು ಸಾಮಾನ್ಯ. ಶಿಲುಬೆಯ ಹಾಡಿಗೆ ಕ್ರಿಸ್ಮಸ್ ರಾಗ ಅಳತೆಗೆ ಕೂತೀತು, ಮನಸ್ಸಿಗೆ ಕೂರದು.

ಹೊಸ ಹಾಡು ಕಲಿಸುವುದು ಹೇಗೆ?

ತಿಂಗಳಿಗೆ ಒಂದು, ಅದಕ್ಕಿಂತ ಹೆಚ್ಚು ಬೇಡ. ಮೊದಲ ಭಾನುವಾರ ಕಾಣಿಕೆ ಎತ್ತುವಾಗ ಗಾನವೃಂದ ಮಾತ್ರ ಹಾಡಲಿ. ಎರಡನೆಯ ವಾರ ಆರಾಧನೆಗೆ ಐದು ನಿಮಿಷ ಮೊದಲು ಸಭೆಗೆ ಪಲ್ಲವಿ ಹೇಳಿಕೊಡಿ; ಆ ದಿನ ಪಲ್ಲವಿ ಸಭೆಯದು, ಚರಣ ಗಾನವೃಂದದ್ದು. ಮೂರನೆಯ, ನಾಲ್ಕನೆಯ ವಾರ ಎಲ್ಲರೂ ಪೂರ್ತಿ. ಆಮೇಲೆ ಒಂದು ತಿಂಗಳು ಬಿಟ್ಟು ಮತ್ತೆ ತನ್ನಿ. ಆಗ ಸಭೆ ಹಾಡಿದರೆ ಅದು ನಿಮ್ಮ ಹಾಡು, ಹಾಡದಿದ್ದರೆ ಬಿಟ್ಟುಬಿಡಿ, ಹಟ ಬೇಡ. ಹೇಳಿಕೊಡುವಾಗ ವಾದ್ಯ ಇಲ್ಲದೆ ಬರೀ ದನಿಯಲ್ಲಿ ಹೇಳಿಕೊಡಿ. ಗಮಕ, ಆಲಾಪ ಎಲ್ಲ ಬಿಟ್ಟು ಬೋಳು ಸ್ವರ. ಮುಂದಾಳು ಮೊದಲ ದಿನ ಹಾಕಿದ ಅಲಂಕಾರವನ್ನೇ ಸಭೆ ರಾಗವೆಂದು ಕಲಿಯುತ್ತದೆ, ಆಮೇಲೆ ಬಿಡಿಸಲಾಗುವುದಿಲ್ಲ.

ಹಾಡಿದ ದಿನಾಂಕಗಳ ಒಂದು ನೋಟ್‌ಬುಕ್ ಇಡಿ. ವರ್ಷದ ಕೊನೆಗೆ ನೋಡಿದರೆ ಹತ್ತೇ ಹಾಡು ಸುತ್ತುತ್ತಿರುವುದು ಗೊತ್ತಾಗುತ್ತದೆ.

ಸಿನಿಮಾ ರಾಗಕ್ಕೆ ಭಕ್ತಿ ಮಾತು ಹಾಕಿದರೆ?

ಬೇಡ. ಸಭೆ ನಿಮ್ಮ ಮಾತು ಹಾಡುತ್ತಿರುತ್ತದೆ, ತಲೆಯಲ್ಲಿ ನಾಯಕ ನಾಯಕಿ ಓಡುತ್ತಿರುತ್ತಾರೆ. ಮೇಲಾಗಿ ಆ ರಾಗ ಇನ್ನೊಬ್ಬರ ಸ್ವತ್ತು.

ಕೀಬೋರ್ಡೂ ಹಾರ್ಮೋನಿಯಮ್ಮೂ ಒಟ್ಟಿಗೆ ನುಡಿಸಿದರೆ ಕಿವಿ ಕಚ್ಚುತ್ತದೆ.

ಹಳೆಯ ಹಾರ್ಮೋನಿಯಂ ರೀಡುಗಳು ಬಿಳಿ ಆರಕ್ಕೆ ಗೊತ್ತಾದ 440 ಹರ್ಟ್ಜ್‌ಗೆ ಸರಿಯಾಗಿ ಇರುವುದು ಅಪರೂಪ. ಹಾರ್ಮೋನಿಯಂ ತಿದ್ದಲು ರೀಡ್ ಕೆರೆಯಬೇಕು. ಕೀಬೋರ್ಡಿನಲ್ಲಿ ‘ಟ್ಯೂನಿಂಗ್’ ಎಂಬ ಆಯ್ಕೆಯಲ್ಲಿ ಒಂದೆರಡು ಹರ್ಟ್ಜ್ ಏರಿಸಿ ಇಳಿಸಿದರೆ ಸಾಕು. ಬಿಳಿ ಆರನ್ನು ಎರಡರಲ್ಲೂ ಒತ್ತಿ ಹಿಡಿದು, ‘ವಾಂವ್ ವಾಂವ್’ ಎಂಬ ಅಲೆ ನಿಲ್ಲುವವರೆಗೆ ಹೊಂದಿಸಿ.

ಇನ್ನೊಂದು ಕಾಯಂ ಅಪಘಾತ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ. ಹಿಂದಿನ ಹಾಡಿಗೆ ಎರಡು ಏರಿಸಿದ್ದು ಹಾಗೇ ಉಳಿದಿರುತ್ತದೆ. ಪ್ರತಿ ಹಾಡಾದ ಮೇಲೆ ಸೊನ್ನೆಗೆ ತರುವುದನ್ನು ಕೈಗೆ ರೂಢಿ ಮಾಡಿ.

ಯಂತ್ರದ ರಿದಮ್ ಚರಣಗಳ ನಡುವೆ ಉಸಿರಿಗೆ ಕಾಯುವುದಿಲ್ಲ. ಸಭೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮುಂದಿನ ಚರಣ ಓಡಿಹೋಗಿರುತ್ತದೆ. ಢೋಲಕ್ ಅಥವಾ ತಬಲಾ ಇದ್ದರೆ ರಿದಮ್ ನಿಲ್ಲಿಸಿಬಿಡಿ. ಕರೆಂಟ್ ಹೋದಾಗ ಹಾಡು ನಿಲ್ಲದಿರಲು ಹಾರ್ಮೋನಿಯಂ ಪೆಟ್ಟಿಗೆಯಿಂದ ಹೊರಗೇ ಇರಲಿ.

ಮೈಕು: ಮೊದಲ ಸಾಲು ಮುಂದಾಳು ಮೈಕಿನಲ್ಲಿ ಹಾಡಿ, ಸಭೆ ಸೇರಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ತಮ್ಮ ದನಿ ತಮಗೇ ಕೇಳದ ಜನ ಹಾಡುವುದನ್ನು ನಿಲ್ಲಿಸುತ್ತಾರೆ.

ಈಸ್ಟರಿಗೆ ಮೊದಲಿನ ತಪಸ್ಸು ಕಾಲದಲ್ಲಿ ಏನು ಬಿಡಬೇಕು?

ಕ್ಯಾಥೋಲಿಕ್ ಪೂಜೆಯಲ್ಲಿ ಬೂದಿ ಬುಧವಾರದಿಂದ ಪಾಸ್ಖ ಜಾಗರಣೆಯವರೆಗೆ (ಈಸ್ಟರಿನ ಹಿಂದಿನ ರಾತ್ರಿಯ ಪೂಜೆಯವರೆಗೆ) ಅಲ್ಲೆಲೂಯ ಇಲ್ಲ, ಮಹಾಹಬ್ಬ ಬಂದರೂ ಇಲ್ಲ. ಭಾನುವಾರಗಳಲ್ಲಿ ಮಹಿಮಾಗೀತೆ ಇಲ್ಲ. ಮಾರ್ಚ್ 19ರ ಸಂತ ಜೋಸೆಫರ ಹಬ್ಬ, ಮಾರ್ಚ್ 25ರ ಮಂಗಳವಾರ್ತೆಯಂಥ ಮಹಾಹಬ್ಬಗಳಲ್ಲಿ ಇದೆ. ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ, ಒಂಟಿಯಾಗಿ ನುಡಿಸುವಂತಿಲ್ಲ; ನಾಲ್ಕನೆಯ ಭಾನುವಾರ, ಮಹಾಹಬ್ಬ, ಹಬ್ಬಗಳಿಗೆ ವಿನಾಯಿತಿ. ಮರೆಯುವ ಜಾಗ ಯಾವುದೆಂದರೆ ಬೇರೆ ಹಾಡುಗಳ ಚರಣದ ಕೊನೆಯಲ್ಲಿ ಅಡಗಿರುವ ‘ಅಲ್ಲೆಲೂಯ’. ನಾಲ್ಕನೇ ಚರಣದವರೆಗೂ ಓದಿ ಆರಿಸಿ.

ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇಷ್ಟು ಕಟ್ಟಿಲ್ಲ. ಆದರೂ ಆ ವಾರಗಳಲ್ಲಿ ಚಪ್ಪಾಳೆ ಹಾಡುಗಳನ್ನು ತಡೆದಿಟ್ಟರೆ ಈಸ್ಟರ್ ಬೆಳಗಿನ ಮೊದಲ ಹಾಡಿಗೆ ಬರುವ ಕಳೆಯೇ ಬೇರೆ.

ಬೆಳೆಹಬ್ಬಕ್ಕೆ ಯಾವ ಹಾಡು?

ಗೋಧಿ, ದ್ರಾಕ್ಷಿ, ಹಿಮ ಎಂದು ಹಾಡುವ ಅನುವಾದಗಳಿಗಿಂತ ಮಳೆ, ನೆಲ, ಬಿತ್ತನೆ, ರಾಶಿ ಎನ್ನುವ ಹಾಡು ಭದ್ರಾ ಕಾಲುವೆಯ ಭತ್ತದವರಿಗೂ ಚಳ್ಳಕೆರೆಯ ಶೇಂಗಾದವರಿಗೂ ಹತ್ತಿರ. ಮಳೆ ಕೈಕೊಟ್ಟ ವರ್ಷ ಬರೀ ಸಮೃದ್ಧಿಯ ಹಾಡು ಹಾಕಿದರೆ ಮುಂದಿನ ಸಾಲಿನಲ್ಲಿ ಕೂತ ರೈತ ಏನು ಹಾಡಬೇಕು? ಬೇಡಿಕೆಯ ಹಾಡೂ ಒಂದು ಇರಲಿ.

ಸಭೆಯಲ್ಲಿ ತೆಲುಗು, ತಮಿಳು, ಕೊಂಕಣಿ ಮನೆಮಾತಿನವರಿದ್ದಾರೆ.

ಪಲ್ಲವಿ ಕನ್ನಡದಲ್ಲಿ ಎಲ್ಲರೂ, ಒಂದು ಚರಣ ಅವರ ಭಾಷೆಯಲ್ಲಿ. ಆ ಚರಣವನ್ನು ಕನ್ನಡ ಲಿಪಿಯಲ್ಲೇ ಬರೆದು ಕೊಡಿ. ಬರೆದದ್ದನ್ನು ಆ ಮನೆಮಾತಿನವರೊಬ್ಬರಿಂದ ಓದಿಸಿ ನೋಡುವುದನ್ನು ಮಾತ್ರ ತಪ್ಪಿಸಬೇಡಿ.

ಪರದೆಯ ಮೇಲೆ ಹಾಡು ಹಾಕಿದರೆ ಅಕ್ಷರ ಕೆಟ್ಟು ಬರುತ್ತದೆ.

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಹೀಗಾಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ. ಪರಿವರ್ತಕಗಳು ಎಡವುವುದು ಅಲ್ಲೇ. ಒಂದು ಪುಟಕ್ಕೆ ನಾಲ್ಕು ಸಾಲು, ಅಕ್ಷರ 40 ಪಾಯಿಂಟಿಗಿಂತ ಕಮ್ಮಿ ಬೇಡ, ಸಾಲಿನ ಅಂತರ ಧಾರಾಳ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಪಲ್ಲವಿಯನ್ನು ಪ್ರತಿ ಚರಣದ ಪುಟದ ನಂತರವೂ ಮತ್ತೆ ಹಾಕಿ.

ಹಾಡುಗಳನ್ನು ಅಚ್ಚು ಹಾಕಿ ಹಂಚಬಹುದೇ? ಯೂಟ್ಯೂಬಿಗೆ ಹಾಕಬಹುದೇ?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ನಿಜವಾದ ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಡುತ್ತದೆ. ಅದು ಹಾಡುವುದಕ್ಕೆ, ಪುಸ್ತಕ ಅಚ್ಚು ಹಾಕುವುದು, ವಿಡಿಯೊ ಏರಿಸುವುದು ಅದರಡಿ ಬರುತ್ತದೆಂದು ತಿಳಿಯಬೇಡಿ. ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1965ರಲ್ಲಿ ತೀರಿಕೊಂಡವರ ಹಾಡಿನ ಹಕ್ಕು 2025ರ ಡಿಸೆಂಬರ್ 31ಕ್ಕೆ ಮುಗಿದಂತೆ. ಮೂಲ ಹಾಡು ಹಳೆಯದಾದರೂ ಕನ್ನಡ ಅನುವಾದಕರ ಹಕ್ಕು ಬೇರೆ ಲೆಕ್ಕ ಎಂಬುದನ್ನು ಮರೆಯುತ್ತಾರೆ.

ಕ್ರಿಸ್ಮಸ್ ಕ್ಯಾರಲ್ ಹಾಡುತ್ತ ಮನೆಮನೆ ಸುತ್ತುವಾಗ?

ಮನೆಗೆ ಎರಡು ಹಾಡು, ಹಾಡಿಗೆ ಎರಡೇ ಚರಣ, ಎಲ್ಲ ಬಾಯಿಪಾಠ. ಬೀದಿಯ ಕತ್ತಲಲ್ಲಿ ಪುಸ್ತಕ ಕಾಣಿಸುವುದಿಲ್ಲ. ಚಳಿಯಲ್ಲಿ ಕೂಗಿ ಹಾಡಿ ಗಂಟಲು ಕಟ್ಟುತ್ತದೆ. ನಡುರಾತ್ರಿಯ ಆರಾಧನೆಗೆ ಬೇಕಾದ ಮುಖ್ಯ ದನಿಗಳನ್ನು ಮನೆಮನೆ ಸುತ್ತಲು ಕಳಿಸಬೇಡಿ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬೀದಿಯಲ್ಲಿ ಧ್ವನಿವರ್ಧಕ ಕೂಡದು. ಹತ್ತಕ್ಕೆ ಮೊದಲೇ ಮುಗಿಸಿ.

ಮಣ್ಣಿಗೆ ಹೋಗುವಾಗ ಹಾಡು ಹಿಂದೆ ಮುಂದೆ ಆಗುತ್ತದೆ.

ಉದ್ದ ಮೆರವಣಿಗೆಯಲ್ಲಿ ಮುಂದಿನವರ ದನಿ ಹಿಂದಿನವರಿಗೆ ತಡವಾಗಿ ಮುಟ್ಟುತ್ತದೆ. 50 ಮೀಟರ್ ಸಾಲಾದರೆ ಒಂದು ಸೆಕೆಂಡಿನ ಏಳನೇ ಒಂದು ಪಾಲು, ತಾಳ ಕೆಡಲು ಅಷ್ಟು ಸಾಕು. ಮುಂದಾಳು ಸಾಲಿನ ನಡುವೆ ನಡೆಯಬೇಕು, ತುದಿಯಲ್ಲಲ್ಲ. ವಾದ್ಯವಿಲ್ಲದೆ, ನಡೆಯುತ್ತ, ಅಳುತ್ತ ಹಾಡುವಾಗ ಶ್ರುತಿ ಚರಣಕ್ಕಿಷ್ಟು ಇಳಿಯುತ್ತ ಹೋಗುತ್ತದೆ. ಹಾಗಾಗಿ ಮಾಮೂಲಿಗಿಂತ ಅರ್ಧ ಸ್ವರ ಮೇಲೆ ಹಿಡಿಯಿರಿ. ಮನೆಯವರಿಗೆ ಇಷ್ಟವಾದ ಹಾಡು ಯಾವುದೆಂದು ಕೇಳುವುದಾದರೆ ಅಂದು ಬೆಳಗ್ಗೆಯೇ, ಒಬ್ಬರನ್ನೇ ಕೇಳಿ. ಗುಂಡಿಯ ಬಳಿ ಹಾಡುವ ಕೊನೆಯ ಹಾಡಿಗೆ ಎಷ್ಟು ಚರಣ ಬೇಕು ಎಂಬುದು ಮಣ್ಣು ಹಾಕುವವರ ಕೈ ಮೇಲಿದೆ. ಅವರು ಮುಗಿಸುವವರೆಗೆ ಪಲ್ಲವಿಯನ್ನೇ ತಿರುಗಿಸುತ್ತಿರಿ.